ಎಳೆಹರೆಯದವರಿಗೆ ಸಮಾಜ ಪಾಠ: ಬೇವೂರಿನ ನೆಲೆಯಿಂದ ಒಂದು ವಿಮರ್ಶೆ

೧

ಹನ್ನೊಂದರಿಂದ ಹದಿನಾಲ್ಕು ವರ್ಷ ವಯಸ್ಸಿನ, ಎಂದರೆ ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಇತಿಹಾಸ, ಭೂಗೋಲ, ಪೌರನೀತಿ, ಅರ್ಥಶಾಸ್ತ್ರಗಳನ್ನು ಒಂದೇ ವಿಷಯದ ಹೆಸರಿನಲ್ಲಿ ಕಲಿಸುವ ಪದ್ಧತಿ ನಮ್ಮಲ್ಲಿ ರೂಢಿಯಾಗಿ ಬಹಳ ಕಾಲವಾಯಿತು. ಹಿಂದೆ ಇದನ್ನು ‘ಸಮಾಜ ಪಾಠಗಳು’ ಎಂದು ಕರೆಯುತ್ತಿದ್ದರು. ಈಗಿನ ಹೆಸರು ‘ಸಮಾಜ ವಿಜ್ಞಾನ’. ಹೆಸರು ಬದಲಾಯಿತು, ಪುಸ್ತಕಗಳು ಮತ್ತೆ ಮತ್ತೆ ಪರಿಷ್ಕೃತವಾದವು, ಚಿತ್ರಗಳೂ ನಕಾಶೆಗಳೂ ಹೆಚ್ಚಿದವು. ಆದರೂ ಈ ವಿಷಯವನ್ನು ಮೂರು ವರ್ಷ ಓದಿದ ವಿದ್ಯಾರ್ಥಿಯನ್ನು ಕರೆದು, “ನೀನು ಹೇಳಿದ ಮಾತು ನಿಜವೆಂದು ನಿನಗೆ ಹೇಗೆ ತಿಳಿಯಿತು?” ಎಂದು ಕೇಳಿದರೆ, “ಪುಸ್ತಕದಲ್ಲಿ ಹಾಗೆ ಇದೆ” ಎಂಬುದಕ್ಕಿಂತ ಭಿನ್ನವಾದ ಉತ್ತರ ದೊರೆಯುವುದು ವಿರಳ. ಪ್ರಸ್ತುತ ಲೇಖನದಲ್ಲಿ ನಾವು ವಿವೇಚಿಸಲು ಹೊರಟಿರುವುದು ಈ ಒಂದು ಕೊರತೆಯನ್ನು.

ಚರ್ಚೆಯು ಗಾಳಿಯಲ್ಲಿ ತೇಲದಿರಲೆಂದು ನಾವು ಒಂದು ಊರನ್ನು ನೆಲೆಯಾಗಿ ಇಟ್ಟುಕೊಂಡಿದ್ದೇವೆ. ಬಾಗಲಕೋಟೆ ತಾಲ್ಲೂಕಿನ ಬೇವೂರು ಅಂಥ ಊರು. ಉತ್ತರಕ್ಕೆ ಘಟಪ್ರಭಾ ಕೃಷ್ಣೆಯರು, ದಕ್ಷಿಣಕ್ಕೆ ಮಲಪ್ರಭೆ. ಇವುಗಳ ನಡುವಣ ಒಣಭೂಮಿಯ ಸೀಮೆ ಅದು. ಚಾಲುಕ್ಯರ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳು ಅದೇ ಜಿಲ್ಲೆಯಲ್ಲಿವೆ. ನೇಕಾರಿಕೆಗೆ ಹೆಸರಾದ ಇಳಕಲ್ಲೂ ಗುಳೇದಗುಡ್ಡವೂ ಅಲ್ಲಿಯವೇ. ಆಲಮಟ್ಟಿಯ ಹಿನ್ನೀರಿನಲ್ಲಿ ಬಹುಭಾಗ ಮುಳುಗಿದ ಹಳೆಯ ಬಾಗಲಕೋಟೆ ಬೇವೂರಿನವರಿಗೆ ತಾಲ್ಲೂಕಿನ ಕೇಂದ್ರ. ಬೇವೂರಿನ ಯಾವುದೇ ಶಾಲೆಯ ಗುಣದೋಷಗಳನ್ನು ಎಣಿಸುವುದು ನಮ್ಮ ಉದ್ದೇಶವಲ್ಲ. ಇಂಥ ನೆರೆಹೊರೆಯಲ್ಲಿ ಬೆಳೆಯುವ ಹನ್ನೆರಡು ವರ್ಷದ ಮಗುವಿಗೆ ಸಮಾಜ ಪಾಠವು ಏನನ್ನು ಕೊಡಬಲ್ಲುದು, ಏನನ್ನು ಕೊಡದೆ ಬಿಡುತ್ತಿದೆ ಎಂಬುದಷ್ಟೇ ನಮ್ಮ ವಿಚಾರ.

೨

ಮೊದಲು ಈ ವಿಷಯವು ನಮ್ಮಲ್ಲಿಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ನೋಡೋಣ. ಇತಿಹಾಸ ಭೂಗೋಲಗಳನ್ನು ಪೌರಜೀವನದ ತರಬೇತಿಗೆ ಅಧೀನವಾಗಿಸಿ ಒಂದುಗೂಡಿಸಬೇಕೆಂಬ ವಿಚಾರ ಅಮೆರಿಕದಲ್ಲಿ ೧೯೧೬ರ ಒಂದು ಸಮಿತಿಯ ವರದಿಯಿಂದ ಬಲಗೊಂಡಿತು. ನಮ್ಮ ದೇಶದಲ್ಲಿ ೧೯೩೭ರ ವರ್ಧಾ ಸಮ್ಮೇಲನದ ತರುವಾಯ ಜಾಕಿರ್ ಹುಸೇನ್ ಸಮಿತಿಯು ಮೂಲಶಿಕ್ಷಣದ ಪಠ್ಯಕ್ರಮದಲ್ಲಿ ಸಮಾಜ ಪಾಠಕ್ಕೆ ಸ್ಥಾನವನ್ನಿತ್ತಿತು. ಸ್ವಾತಂತ್ರ್ಯಾನಂತರ ಮುದಲಿಯಾರ್ ಆಯೋಗವು (೧೯೫೨-೫೩) ಪ್ರೌಢಶಾಲೆಯ ಎಲ್ಲರೂ ಓದಬೇಕಾದ ವಿಷಯಗಳಲ್ಲಿ ಇದನ್ನು ಸೇರಿಸಿತು. ಕೊಠಾರಿ ಆಯೋಗವು (೧೯೬೪-೬೬) ಸತ್ಪೌರತ್ವಕ್ಕೂ ಭಾವೈಕ್ಯಕ್ಕೂ ಸಮಾಜ ಪಾಠ ಅತ್ಯಾವಶ್ಯಕವೆಂದು ಸಾರಿತು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಾಹಿತಿಯ ಹೊರೆಯನ್ನು ಇಳಿಸಿ, ಮಗುವಿನ ಅನುಭವಕ್ಕೂ ಪ್ರಶ್ನಿಸುವ ಮನೋವೃತ್ತಿಗೂ ಎಡೆಗೊಡಬೇಕೆಂದು ಹೇಳಿತು. ಅದನ್ನು ಅನುಸರಿಸಿ ರಾಷ್ಟ್ರಮಟ್ಟದ ಪುಸ್ತಕಗಳಲ್ಲಿ ‘ಪೌರನೀತಿ’ ಎಂಬ ಭಾಗ ಹೋಗಿ ‘ಸಾಮಾಜಿಕ ಮತ್ತು ರಾಜಕೀಯ ಜೀವನ’ ಎಂಬ ಭಾಗ ಬಂದಿತು.

ಈ ಸುದೀರ್ಘ ಪ್ರಯತ್ನದಲ್ಲಿ ಎರಡು ತತ್ತ್ವಗಳು ಪ್ರಧಾನವಾಗಿ ನಿಂತಿರುವುದನ್ನು ಕಾಣುತ್ತೇವೆ. ಒಂದು, ಸಮೀಪದಿಂದ ದೂರಕ್ಕೆ ಸಾಗಬೇಕೆಂಬುದು: ಮನೆ, ಊರು, ತಾಲ್ಲೂಕು, ರಾಜ್ಯ, ದೇಶ, ಲೋಕ ಎಂಬ ವರ್ತುಲಗಳ ಕ್ರಮ. ಇನ್ನೊಂದು, ಈ ವಿಷಯದ ಪರಮಪ್ರಯೋಜನ ಸತ್ಪ್ರಜೆಗಳ ನಿರ್ಮಾಣ ಎಂಬುದು. ಇವೆರಡನ್ನೂ ನಿರಾಕರಿಸುವವರು ಕಡಮೆ. ಆದರೆ ಇವೆರಡೂ ತಮ್ಮಷ್ಟಕ್ಕೆ ಸಾಲುವುದಿಲ್ಲವೆಂದು ನಮ್ಮ ಅಭಿಪ್ರಾಯ.

ವರ್ತುಲಗಳ ಕ್ರಮವನ್ನೇ ತೆಗೆದುಕೊಳ್ಳೋಣ. ಹತ್ತಿರವಿದ್ದುದು ಸುಲಭ, ದೂರವಿದ್ದುದು ಕಠಿನ ಎಂಬುದು ಅದರ ಗೃಹೀತ. ಮಳೆಯನ್ನು ನೆಚ್ಚಿದ ಈ ಸೀಮೆಯಿಂದ ಪ್ರತಿವರ್ಷವೂ ಅನೇಕ ಕುಟುಂಬಗಳು ದುಡಿಮೆಗಾಗಿ ಗೋವೆಗೂ ಮಂಗಳೂರಿಗೂ ಮಹಾರಾಷ್ಟ್ರಕ್ಕೂ ಗುಳೆ ಹೋಗುತ್ತವೆ. ಅಂಥ ಕುಟುಂಬದ ಮಗುವಿಗೆ ಗೋವೆಯ ಕಟ್ಟಡದ ಕೆಲಸ, ಅಲ್ಲಿಯ ಕೂಲಿಯ ದರ, ಅಲ್ಲಿಯ ಭಾಷೆ ಇವೆಲ್ಲ ಮನೆಯ ಮಾತು. ತನ್ನದೇ ತಾಲ್ಲೂಕಿನ ಕಚೇರಿಯಲ್ಲಿ ಏನು ನಡೆಯುತ್ತದೆಂಬುದು ಮಾತ್ರ ಅಪರಿಚಿತ. ಹೀಗಿರಲು ಮೈಲಿಗಳಿಂದ ಅಳೆದ ಸಾಮೀಪ್ಯವನ್ನು ಅನುಭವದ ಸಾಮೀಪ್ಯವೆಂದು ಭಾವಿಸಿದ ಪಠ್ಯಕ್ರಮವು ಆ ಮಗುವಿನ ನಿಜವಾದ ಪರಿಸರವನ್ನು ಕಾಣದೆ ಹೋಗುತ್ತದೆ.

ಸಾಲದುದಕ್ಕೆ, ‘ಸ್ಥಳೀಯ’ವೆಂಬುದು ಪುಸ್ತಕಕ್ಕೆ ಬಂದೊಡನೆ ಪ್ರಶಂಸೆಯ ಪಟ್ಟಿಯಾಗುವುದೂ ಉಂಟು. ಬಾದಾಮಿಯ ಗುಹೆಗಳು, ಕೂಡಲಸಂಗಮ, ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಎಂದು ಸಾಲಾಗಿ ಹೆಸರಿಸಿ, ಇವೆಲ್ಲ ನಮ್ಮ ಹೆಮ್ಮೆ ಎಂದು ಹೇಳಿ ಮುಗಿಸಿದರೆ ಮಗುವಿಗೆ ದೊರೆತುದೇನು? ದೂರದ ಪಟ್ಟಿಗೆ ಬದಲಾಗಿ ಹತ್ತಿರದ ಪಟ್ಟಿ. ಬಾಯಿಪಾಠದ ಕ್ರಮ ಅದೇ. ಆದುದರಿಂದ ಸಮಾಜ ಪಾಠದ ಸುಧಾರಣೆ ವಸ್ತುವಿನ ಆಯ್ಕೆಯಿಂದ ಮಾತ್ರ ಆಗುವಂಥದಲ್ಲ. ನಿರ್ಣಯವನ್ನು ಕೊಡುವುದರ ಜೊತೆಗೆ ನಿರ್ಣಯದ ಆಧಾರವನ್ನೂ ವಿದ್ಯಾರ್ಥಿಯ ಮುಂದಿಡುವುದೇ ಅದರ ತಿರುಳಾಗಬೇಕು. ಇದು ನಮ್ಮ ಪ್ರತಿಪಾದನೆ.

೩

ಈ ವಯಸ್ಸಿನ ಮಕ್ಕಳಿಗೆ ಆಧಾರಗಳನ್ನು ತೂಗಿ ನೋಡುವ ಶಕ್ತಿ ಇರುತ್ತದೆಯೇ ಎಂಬ ಶಂಕೆ ಇಲ್ಲಿ ಸಹಜವಾಗಿ ಏಳುತ್ತದೆ. ಮನಶ್ಶಾಸ್ತ್ರಜ್ಞ ಪಿಯಾಜೆಯ ಪ್ರಕಾರ ಮೂರ್ತವಸ್ತುಗಳ ಹಂಗಿಲ್ಲದೆ ತರ್ಕಿಸುವ ಸಾಮರ್ಥ್ಯ ಸುಮಾರು ಹನ್ನೊಂದು ಹನ್ನೆರಡನೆಯ ವಯಸ್ಸಿನಲ್ಲಿ ಅಂಕುರಿಸುತ್ತದೆ. ೧೯೬೦ರ ದಶಕದಲ್ಲಿ ಇಂಗ್ಲೆಂಡಿನ ರಾಯ್ ಹ್ಯಾಲಮ್ ಈ ಮತವನ್ನು ಇತಿಹಾಸ ಬೋಧನೆಗೆ ಅನ್ವಯಿಸಿ, ಇತಿಹಾಸದಲ್ಲಿ ಅಂಥ ವಿಚಾರಶಕ್ತಿ ಹದಿನಾರರ ಸುಮಾರಿಗಲ್ಲದೆ ಬರುವುದಿಲ್ಲವೆಂಬ ನಿರ್ಣಯಕ್ಕೆ ಬಂದನು. ಈ ನಿರ್ಣಯವು ಅನೇಕ ಉಪಾಧ್ಯಾಯರಿಗೆ ಒಂದು ನೆಪವನ್ನು ಒದಗಿಸಿತು: ಮಕ್ಕಳಿಗೆ ಕಥೆ ಸಾಕು, ವಿಮರ್ಶೆ ಮುಂದಿನ ಮಾತು.

ಆದರೆ ಆ ನಿರ್ಣಯವು ಕೊನೆಯದಾಗಲಿಲ್ಲ. ೧೯೭೨ರಲ್ಲಿ ಆ ದೇಶದಲ್ಲಿಯೇ ಹದಿಮೂರರಿಂದ ಹದಿನಾರರವರೆಗಿನವರಿಗಾಗಿ ಒಂದು ಇತಿಹಾಸ ಯೋಜನೆ ಆರಂಭವಾಯಿತು. ಅದರಲ್ಲಿ ಸಿದ್ಧಕಥನಕ್ಕೆ ಬದಲು ಮೂಲ ಆಧಾರಗಳನ್ನು ಕೊಟ್ಟು, ಅವುಗಳ ವಿಶ್ವಾಸಾರ್ಹತೆಯನ್ನು ವಿದ್ಯಾರ್ಥಿಗಳೇ ಚರ್ಚಿಸುವಂತೆ ಮಾಡಲಾಯಿತು. ೧೯೮೦ರಲ್ಲಿ ಪ್ರಕಟವಾದ ಡೆನಿಸ್ ಶೆಮಿಲ್ಟನ ಮೌಲ್ಯಮಾಪನವು, ಬೋಧನೆಯ ಕ್ರಮ ಬದಲಾದರೆ ಸಾಮಾನ್ಯ ವಿದ್ಯಾರ್ಥಿಗಳೂ ಆಧಾರದ ಸ್ವರೂಪವನ್ನು ಹೆಚ್ಚು ಚೆನ್ನಾಗಿ ಗ್ರಹಿಸುತ್ತಾರೆಂದು ತೋರಿಸಿತು. ಶಕ್ತಿ ಇಲ್ಲದುದರಿಂದ ಕಲಿಸಲಿಲ್ಲ ಎನ್ನುವುದಕ್ಕಿಂತ, ಕಲಿಸದುದರಿಂದ ಶಕ್ತಿ ಕಾಣಲಿಲ್ಲ ಎನ್ನುವುದು ಹೆಚ್ಚು ಸಂಗತ.

ವಿದೇಶದ ಮಾತು ನಮಗೇಕೆ ಎನ್ನುವವರಿಗೆ ಮಧ್ಯಪ್ರದೇಶದ ನಿದರ್ಶನವಿದೆ. ಅಲ್ಲಿ ೧೯೮೨ರಲ್ಲಿ ಸ್ಥಾಪಿತವಾದ ‘ಏಕಲವ್ಯ’ ಸಂಸ್ಥೆಯು, ಹೋಶಂಗಾಬಾದ್ ಮೊದಲಾದ ಕಡೆಗಳ ಕೆಲವು ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಆರರಿಂದ ಎಂಟನೆಯ ತರಗತಿಗಳಿಗೆಂದೇ ಸಮಾಜ ಪಾಠದ ಹೊಸ ಪುಸ್ತಕಗಳನ್ನು ರಚಿಸಿ ಪ್ರಯೋಗಕ್ಕೆ ತಂದಿತು. ವ್ಯಾಖ್ಯೆಗಳನ್ನು ಕಡಮೆ ಮಾಡಿ, ಒಂದೊಂದು ಹಳ್ಳಿಯ, ಒಂದೊಂದು ಕಸುಬಿನ, ಒಂದೊಂದು ಕಾಲದ ಜೀವನವನ್ನು ವಿವರವಾಗಿ ಕೊಡುವುದು, ನಡುನಡುವೆ ಪ್ರಶ್ನೆಗಳಿಂದ ಮಕ್ಕಳನ್ನು ಮಾತಿಗೆಳೆಯುವುದು ಅದರ ರೀತಿ. ಸಾಮಾನ್ಯ ಉಪಾಧ್ಯಾಯರು ಸಾಮಾನ್ಯ ಶಾಲೆಗಳಲ್ಲಿಯೇ ಈ ಕೆಲಸ ಮಾಡಿದರೆಂಬುದನ್ನು ನಾವು ಗಮನಿಸಬೇಕು.

೪

ಇನ್ನು ಬೇವೂರಿನ ನೆರೆಹೊರೆಗೆ ಬರೋಣ. ಎರಡನೆಯ ಪುಲಕೇಶಿಯು ಹರ್ಷವರ್ಧನನನ್ನು ಸೋಲಿಸಿದನೆಂಬುದು ನಮ್ಮ ಮಕ್ಕಳೆಲ್ಲರೂ ಕಲಿಯುವ ಸಂಗತಿ. ಅದಕ್ಕೆ ಪ್ರಮುಖ ಆಧಾರ ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿದೆ: ಶಕವರ್ಷ ೫೫೬ರಲ್ಲಿ, ಎಂದರೆ ಕ್ರಿ.ಶ. ೬೩೪-೩೫ರಲ್ಲಿ, ರವಿಕೀರ್ತಿಯು ರಚಿಸಿದ ಸಂಸ್ಕೃತ ಶಾಸನ. ಈ ಶಾಸನವನ್ನು ಬರೆದವನು ರಾಜನ ಆಶ್ರಿತನಾದ ಕವಿ. ತನ್ನನ್ನು ಕಾಳಿದಾಸ ಭಾರವಿಗಳ ಸಾಲಿನಲ್ಲಿ ನಿಲ್ಲಿಸಿಕೊಂಡವನು. ತಾನು ಕಟ್ಟಿಸಿದ ಜಿನಾಲಯದ ನೆನಪಿಗಾಗಿ ರಾಜನ ದಿಗ್ವಿಜಯಗಳನ್ನು ಹಾಡಿದವನು. ಅವನ ಮಾತನ್ನು ನಾವು ಎಷ್ಟರಮಟ್ಟಿಗೆ ನಂಬಬೇಕು? ಹನ್ನೆರಡು ವರ್ಷದ ಮಗು ಈ ಪ್ರಶ್ನೆಯನ್ನು ಕೇಳಬಲ್ಲುದು. ಉತ್ತರದ ಹಾದಿಯನ್ನೂ ಹಿಡಿಯಬಲ್ಲುದು. ಹರ್ಷನ ಆದರಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನೂ ಪುಲಕೇಶಿಯ ನಾಡನ್ನು ಹರ್ಷನು ವಶಪಡಿಸಿಕೊಳ್ಳಲಾರದೆ ಹೋದುದನ್ನು ಬರೆದಿದ್ದಾನೆ. ಹೊಗಳುಭಟನ ಮಾತನ್ನು ಎದುರು ಪಕ್ಷದ ಸ್ನೇಹಿತನು ಸಮರ್ಥಿಸಿದರೆ ಆ ಮಾತಿಗೆ ತೂಕ ಬರುತ್ತದೆ. ಊರಿನ ಜಗಳಗಳಲ್ಲಿ ಸಾಕ್ಷಿ ಕೇಳುವುದನ್ನು ಕಂಡ ಮಕ್ಕಳಿಗೆ ಈ ನ್ಯಾಯ ಹೊಸತಲ್ಲ.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ರವಿಕೀರ್ತಿಯು ಪುಲಕೇಶಿಯಿಂದ ಪಲ್ಲವರಿಗೆ ಆದ ಪರಾಭವವನ್ನು ಹಾಡಿದ ಏಳೆಂಟು ವರ್ಷಗಳಲ್ಲಿಯೇ, ಸುಮಾರು ೬೪೨ರಲ್ಲಿ, ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದನು. ಅವನ ಕಾಲದ ಶಾಸನವೊಂದು ಬಾದಾಮಿಯ ಬಂಡೆಯ ಮೇಲೆ ಶಿಥಿಲಾವಸ್ಥೆಯಲ್ಲಿ ಈಗಲೂ ಇದೆ. ಪಲ್ಲವರ ಕೂರಂ ತಾಮ್ರಪಟವಂತೂ ಪುಲಕೇಶಿಯ ಬೆನ್ನನ್ನೇ ಪಟ್ಟಿಕೆಯಾಗಿಸಿ ‘ವಿಜಯ’ ಎಂಬ ಅಕ್ಷರಗಳನ್ನು ನರಸಿಂಹವರ್ಮನು ಬರೆದನೆಂದು ವರ್ಣಿಸುತ್ತದೆ. ಮುಂದೆ ಎಂಟನೆಯ ಶತಮಾನದಲ್ಲಿ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದನು. ಅಲ್ಲಿಯ ಕೈಲಾಸನಾಥ ದೇವಾಲಯದ ಸಂಪತ್ತನ್ನು ಕಂಡು ಅದನ್ನು ದೇವರಿಗೇ ಮರಳಿ ಒಪ್ಪಿಸಿದನೆಂದು ಆ ದೇವಾಲಯದ ಕನ್ನಡ ಶಾಸನ ತಿಳಿಸುತ್ತದೆ. ಆ ವಿಜಯದ ಸ್ಮಾರಕವಾಗಿ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯೇ ಇಂದಿನ ವಿರೂಪಾಕ್ಷ ದೇವಾಲಯ.

ಇವುಗಳಲ್ಲಿ ಮೂರು ಆಧಾರಗಳು ಬೇವೂರಿನ ಮಕ್ಕಳು ಒಂದು ದಿನದ ಪ್ರವಾಸದಲ್ಲಿ ಕಣ್ಣಾರೆ ನೋಡಬಹುದಾದವು. ಆದರೆ ಪ್ರವಾಸಗಳಲ್ಲಿ ಅವರಿಗೆ ದೊರೆಯುವುದು ಸಾಮಾನ್ಯವಾಗಿ ಶಿಲ್ಪಗಳ ಹೆಸರು, ಕಟ್ಟಿಸಿದ ಅರಸನ ಹೆಸರು, ಇಸವಿ. ಗೆದ್ದವನ ಶಾಸನವನ್ನೂ ಸೋಲಿಸಿದವನ ಶಾಸನವನ್ನೂ ಎದುರುಬದುರಾಗಿ ಇಟ್ಟು, “ಒಬ್ಬನು ಹೇಳಿದುದನ್ನು ಇನ್ನೊಬ್ಬನು ಏಕೆ ಹೇಳಲಿಲ್ಲ?” ಎಂದು ಕೇಳಿದರೆ, ಶಾಸನವೆಂಬುದು ಮನುಷ್ಯನೊಬ್ಬನು ಒಂದು ಉದ್ದೇಶದಿಂದ ಬರೆಸಿದ ಮಾತೆಂಬ ಅರಿವು ಮಗುವಿಗೆ ಬರುತ್ತದೆ. ಇದರಿಂದ ಪುಲಕೇಶಿಯ ಹಿರಿಮೆಗೆ ಕುಂದಿಲ್ಲ. ಸಾಕ್ಷ್ಯದ ಮೇಲೆ ನಿಂತ ಗೌರವವು ಬಾಯಿಪಾಠದ ಗೌರವಕ್ಕಿಂತ ದೃಢವಾದುದು.

೫

ಶಾಸನಗಳ ಕಾಲ ದೂರದ್ದು. ಹತ್ತಿರದ ಕಾಲದ ಒಂದು ನಿದರ್ಶನವನ್ನು ಪೌರನೀತಿಯಿಂದ ಕೊಡಬಹುದು. ೧೯೫೦ಕ್ಕೆ ಮೊದಲು ಬೇವೂರಿನಲ್ಲಿ ಹುಟ್ಟಿ, ಆ ಊರನ್ನು ಬಿಡದೆ ಇರುವ ಅಜ್ಜಿಯೊಬ್ಬಳನ್ನು ಊಹಿಸಿಕೊಳ್ಳೋಣ. ಅವಳು ಹುಟ್ಟಿದುದು ಮುಂಬಯಿ ಪ್ರಾಂತದಲ್ಲಿ. ೧೯೫೦ರಿಂದ ಅದು ಮುಂಬಯಿ ರಾಜ್ಯ. ೧೯೫೬ರ ನವೆಂಬರ್ ೧ರಿಂದ ಅವಳು ಮೈಸೂರು ರಾಜ್ಯದವಳಾದಳು; ೧೯೭೩ರಿಂದ ಕರ್ನಾಟಕದವಳು. ಬಿಜಾಪುರ ಜಿಲ್ಲೆಯವಳಾಗಿದ್ದವಳು ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯವಳಾದಳು. ಅವಳ ಹಿರಿಯರ ಕಾಲಕ್ಕೆ ಜಿಲ್ಲೆಯ ಹೆಸರೇ ಕಲಾದಗಿ. ಅವಳು ಮನೆ ಬದಲಿಸಲಿಲ್ಲ. ಅವಳ ಸುತ್ತ ಗಡಿಗಳು ಬದಲಾದವು. ಈ ಬದಲಾವಣೆಗಳಿಂದ ಕಚೇರಿಯ ಭಾಷೆ, ಶಾಲೆಯ ಭಾಷೆ, ಮನವಿಯನ್ನು ಕೊಂಡೊಯ್ಯಬೇಕಾದ ಊರು ಇವು ಹೇಗೆ ಬದಲಾದವು ಎಂದು ಮಗು ತನ್ನ ಮನೆಯ ಹಿರಿಯರನ್ನು ಕೇಳಿ, ಹಳೆಯ ಕಾಗದಪತ್ರಗಳ ಮುದ್ರೆಗಳನ್ನು ನೋಡಿ ಬರೆದುಕೊಂಡು ಬಂದರೆ, ಕರ್ನಾಟಕದ ಏಕೀಕರಣವು ಅದಕ್ಕೆ ಒಂದು ದಿನಾಂಕವಾಗಿ ಉಳಿಯದೆ ಒಂದು ಅನುಭವವಾಗುತ್ತದೆ. ಅಜ್ಜಿಯ ನೆನಪಿಗೂ ಕಾಗದಕ್ಕೂ ವ್ಯತ್ಯಾಸ ಬಂದಾಗ ಎರಡನ್ನೂ ತಾಳೆ ನೋಡುವ ಅಗತ್ಯವೂ ತಿಳಿಯುತ್ತದೆ.

ಅರ್ಥಶಾಸ್ತ್ರದ ಭಾಗಕ್ಕೆ ಇಳಕಲ್ಲಿನ ಸೀರೆಯಿದೆ. ಒಡಲು ಹತ್ತಿಯದು, ಸೆರಗು ರೇಷ್ಮೆಯದು, ಎರಡರ ಹಾಸುಗಳನ್ನು ಕೊಂಡಿಗಳಿಂದ ಕೂಡಿಸುವುದು ಅದರ ವೈಶಿಷ್ಟ್ಯ ಎಂಬುದನ್ನು ತಿಳಿಸಿ ಪಾಠ ಮುಗಿಯಬಾರದು. ನೂಲನ್ನು ಯಾರು ಒದಗಿಸುತ್ತಾರೆ, ಮಗ್ಗ ಯಾರದು, ಕೊಂಡಿ ಕೂಡಿಸುವ ಮತ್ತು ಕಂಡಿಕೆ ಸುತ್ತುವ ಹೆಂಗಸರ ದುಡಿಮೆಗೆ ಪ್ರತ್ಯೇಕ ಕೂಲಿ ಉಂಟೇ, ವಿದ್ಯುನ್ಮಗ್ಗದ ಸೀರೆ ಅದೇ ಹೆಸರಿನಿಂದ ಪೇಟೆಗೆ ಬಂದಾಗ ಕೈಮಗ್ಗದವನ ಗತಿಯೇನು, ಕೈಮಗ್ಗಕ್ಕೆ ಕೆಲವು ಬಗೆಗಳನ್ನು ಮೀಸಲಿಟ್ಟ ೧೯೮೫ರ ಕಾಯಿದೆ ಏಕೆ ಬೇಕಾಯಿತು ಎಂಬ ಪ್ರಶ್ನೆಗಳು ಒಂದು ಸೀರೆಯ ಬೆಲೆಯಿಂದಲೇ ಹೊರಡಬಹುದು. ಉತ್ಪಾದನೆ, ಬಂಡವಾಳ, ಕೂಲಿ, ಮಾರುಕಟ್ಟೆ ಎಂಬ ಪಾರಿಭಾಷಿಕ ಪದಗಳು ಆಮೇಲೆ ಬರಲಿ.

೬

ಇಷ್ಟರವರೆಗೆ ಹೇಳಿದುದು ಸುಲಭವಾದ ಭಾಗ. ಕಠಿನವಾದ ಭಾಗ ಆಲಮಟ್ಟಿ. ನಮ್ಮ ವಾದದ ಸತ್ತ್ವಪರೀಕ್ಷೆ ಅಲ್ಲಿಯೇ ಆಗಬೇಕು.

ಕೃಷ್ಣಾ ಮೇಲ್ದಂಡೆ ಯೋಜನೆಗೆ ೧೯೬೪ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರಿಂದ ಶಂಕುಸ್ಥಾಪನೆಯಾಯಿತು. ಆಲಮಟ್ಟಿಯ ಜಲಾಶಯಕ್ಕೆ ಅವರ ಹೆಸರೇ ಇದೆ. ಅಣೆಕಟ್ಟಿನಿಂದ ೨೯೦ ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ, ಬರಗಾಲದ ಸೀಮೆಗೆ ನೀರಾವರಿ, ಊರುಗಳಿಗೆ ಕುಡಿಯುವ ನೀರು ಲಭಿಸಿದವು. ಇವೆಲ್ಲ ಸತ್ಯ, ಮತ್ತು ಹೇಳಲೇಬೇಕಾದ ಸತ್ಯ. ಆದರೆ ಅದೇ ನೀರು ಕೃಷ್ಣಾ ಘಟಪ್ರಭೆಗಳ ದಂಡೆಯ ಅನೇಕ ಹಳ್ಳಿಗಳನ್ನೂ ಬಾಗಲಕೋಟೆ ಪಟ್ಟಣದ ದೊಡ್ಡ ಭಾಗವನ್ನೂ ನುಂಗಿತು. ಪೇಟೆ, ಓಣಿ, ಗುಡಿ, ಮಸೀದಿ, ನೇಕಾರರ ಕೇರಿಗಳನ್ನು ಬಿಟ್ಟು ಜನರು ನವನಗರಕ್ಕೆ ಬಂದರು. ಯೋಜನೆಯ ಕಾಲುವೆ ನೀರಾವರಿಯ ಬಹುಪಾಲು ಕೆಳಗಿನ ನಾರಾಯಣಪುರ ಜಲಾಶಯದಿಂದ ಯಾದಗಿರಿ, ಕಲಬುರಗಿ, ರಾಯಚೂರು, ವಿಜಯಪುರಗಳ ಕಡೆಗೆ ಹೋಗುತ್ತದೆ. ಬಾಗಲಕೋಟೆಯ ಪಾಲಿಗೆ ಏನೂ ಬರಲಿಲ್ಲವೆನ್ನುವುದೂ ತಪ್ಪು. ಹುನಗುಂದದ ಕಡೆಗಿನ ರಾಮಥಾಳದ ಹನಿ ನೀರಾವರಿಯಂಥ ಕೆಲಸಗಳು ಆಗಿವೆ. ಆದರೂ ಮುಳುಗಿದವರೂ ನೀರುಂಡವರೂ ಬಹುಮಟ್ಟಿಗೆ ಬೇರೆ ಬೇರೆ ಎಂಬುದು ಒಂದು ವಾಸ್ತವ. ಈ ಜಲಾಶಯದ ನೀರಿನ ಮಟ್ಟವನ್ನು ೫೧೯.೬ ಮೀಟರಿನಿಂದ ೫೨೪.೨೫೬ ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ೨೦೧೦ರಲ್ಲಿ ಅನುಮತಿ ನೀಡಿತು. ಅದರ ಅನುಷ್ಠಾನದ ಪ್ರಶ್ನೆ ಜಿಲ್ಲೆಯ ಇನ್ನಷ್ಟು ಊರುಗಳ ಪ್ರಶ್ನೆಯೂ ಆಗಿದೆ.

ಇಂಥ ಸೀಮೆಯ ಏಳನೆಯ ತರಗತಿಯಲ್ಲಿ ಅಣೆಕಟ್ಟುಗಳ ಪಾಠ ನಡೆಯುತ್ತಿದೆಯೆಂದು ಭಾವಿಸೋಣ. ವಿವಿಧೋದ್ದೇಶ ಯೋಜನೆಗಳ ಉಪಯೋಗಗಳು ಒಂದು, ಎರಡು, ಮೂರು ಎಂದು ಕರಿಹಲಗೆಯ ಮೇಲೆ ಏರುತ್ತವೆ. ತರಗತಿಯಲ್ಲಿ ಕುಳಿತ ಮಗುವೊಂದರ ಅಜ್ಜನ ಹೊಲ ಹಿನ್ನೀರಿನ ಕೆಳಗಿದೆ. ಬೇಸಗೆಯಲ್ಲಿ ನೀರು ಇಳಿದಾಗ ಹಳೆಯ ಮನೆಯ ಗೋಡೆಯನ್ನು ಕಾಣಲು ಹೋಗುವವರನ್ನು ಅದು ಬಲ್ಲುದು. ಪರಿಹಾರದ ಹಣ ಹೇಗೆ ಬಂದಿತು, ಹೇಗೆ ಕರಗಿತು ಎಂಬ ಮಾತುಗಳನ್ನು ಅದು ಮನೆಯಲ್ಲಿ ಕೇಳಿದೆ. ಆ ಮಗುವಿನ ಮುಂದೆ ಎರಡೇ ದಾರಿಗಳಿವೆ. ಮನೆಯ ಮಾತು ಜ್ಞಾನವಲ್ಲ, ಬರಿಯ ಗೋಳು ಎಂದು ತಳ್ಳಿಹಾಕುವುದು ಒಂದು. ಪುಸ್ತಕದ ಮಾತು ಪರೀಕ್ಷೆಗಷ್ಟೇ, ಲೋಕಕ್ಕಲ್ಲ ಎಂದು ತೀರ್ಮಾನಿಸುವುದು ಇನ್ನೊಂದು. ಮೊದಲನೆಯದರಿಂದ ಮಗು ತನ್ನವರ ಸಾಕ್ಷ್ಯದಲ್ಲಿ ನಂಬಿಕೆ ಕಳೆದುಕೊಳ್ಳುತ್ತದೆ. ಎರಡನೆಯದರಿಂದ ವಿದ್ಯೆಯಲ್ಲಿ ನಂಬಿಕೆ ಕಳೆದುಕೊಳ್ಳುತ್ತದೆ. ಸತ್ಪ್ರಜೆಗಳನ್ನು ನಿರ್ಮಿಸಬೇಕೆಂದು ಹೊರಟ ಪಾಠಕ್ಕೆ ಇವೆರಡಕ್ಕಿಂತ ದೊಡ್ಡ ಸೋಲು ಇಲ್ಲ.

ಮೂರನೆಯ ದಾರಿಯನ್ನು ಉಪಾಧ್ಯಾಯನು ತೆರೆಯಬಹುದು. ಯೋಜನೆಯ ನಕಾಶೆ, ಮುಳುಗಡೆಗೆ ಮುಂಚಿನ ಪಟ್ಟಣದ ಒಂದು ಚಿತ್ರ, ನಿರಾಶ್ರಿತ ಕುಟುಂಬದ ಹಿರಿಯರೊಬ್ಬರ ಮಾತು, ನೀರು ಪಡೆದ ಸೀಮೆಯ ರೈತನೊಬ್ಬನ ಮಾತು ಇವುಗಳನ್ನು ಒಂದೇ ಮೇಜಿನ ಮೇಲಿಟ್ಟು, ಲಾಭ ಯಾರಿಗೆ, ನಷ್ಟ ಯಾರಿಗೆ, ನಷ್ಟವನ್ನು ತುಂಬುವ ಹೊಣೆ ಯಾರದು, ಆ ಹೊಣೆ ಪೂರೈಸಿತೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗಳನ್ನು ಮಕ್ಕಳ ಮುಂದಿಡುವುದೇ ಆ ದಾರಿ. ಅಣೆಕಟ್ಟು ಬೇಕಾಗಿತ್ತೇ ಬೇಡವಾಗಿತ್ತೇ ಎಂಬ ತೀರ್ಪನ್ನು ಉಪಾಧ್ಯಾಯನು ಕೊಡಬೇಕಾಗಿಲ್ಲ. ತೀರ್ಪಿಗೆ ಬೇಕಾದ ಸಾಮಗ್ರಿಯನ್ನು ಮರೆಮಾಚದಿದ್ದರೆ ಸಾಕು.

೭

ನಮ್ಮ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಈಗ ಪರಿಶೀಲಿಸೋಣ.

ಉಪಾಧ್ಯಾಯನು ತನ್ನ ಪಕ್ಷವನ್ನು ಮಕ್ಕಳ ಮೇಲೆ ಹೇರಬಹುದೆಂಬುದು ಮೊದಲನೆಯ ಆಕ್ಷೇಪ. ಈ ಭಯ ನಿರಾಧಾರವಲ್ಲ. ೨೦೨೨ರಲ್ಲಿ ಕರ್ನಾಟಕದ ಪಠ್ಯಪುಸ್ತಕಗಳ ಪರಿಷ್ಕರಣೆ ನಡೆದು, ೨೦೨೩ರಲ್ಲಿ ಅದರ ಕೆಲವು ಅಂಶಗಳು ಮತ್ತೆ ಬದಲಾದಾಗ ಎದ್ದ ಕೋಲಾಹಲವನ್ನು ವಾಚಕರು ಬಲ್ಲರು. ಯಾರ ಪಾಠ ಇರಬೇಕು, ಯಾರದು ಹೋಗಬೇಕು ಎಂಬುದರ ಸುತ್ತಲೇ ಆ ಚರ್ಚೆ ಬಹುಮಟ್ಟಿಗೆ ಸುತ್ತಿತು. ಇದ್ದ ಪಾಠಕ್ಕೆ ಆಧಾರವನ್ನು ಮಗುವಿನ ಮುಂದೆ ಇಟ್ಟಿದ್ದೇವೆಯೇ ಎಂಬ ಪ್ರಶ್ನೆ ಹಿಂದೆ ಉಳಿಯಿತು. ನಿರ್ಣಯಗಳನ್ನು ಮಾತ್ರ ಬೋಧಿಸುವಲ್ಲಿ ನಿರ್ಣಯಗಳಿಗಾಗಿ ಕಾದಾಟ ಅನಿವಾರ್ಯ. ಆಧಾರಗಳನ್ನು ತೋರಿಸಿ ಕಲಿಸುವ ಉಪಾಧ್ಯಾಯನಿಗಾದರೋ ಪಕ್ಷಪಾತಕ್ಕೆ ಅವಕಾಶ ಕಡಮೆ; ಏಕೆಂದರೆ ಅವನ ಮಾತನ್ನೂ ಅದೇ ಮಾನದಿಂದ ಅಳೆಯಲು ಅವನ ವಿದ್ಯಾರ್ಥಿಗಳು ಕಲಿತಿರುತ್ತಾರೆ.

ಪಠ್ಯದ ಹೊರೆ ಮತ್ತು ಪರೀಕ್ಷೆಯ ಸ್ವರೂಪ ಎರಡನೆಯ ಆಕ್ಷೇಪ. ಇದು ನಿಜವಾದ ತೊಡಕು. ಎಲ್ಲ ಪಾಠಗಳನ್ನೂ ಈ ರೀತಿಯಲ್ಲಿ ಕಲಿಸಲು ವರ್ಷ ಸಾಲದು, ಕಲಿಸಬೇಕಾಗಿಯೂ ಇಲ್ಲ. ವರ್ಷಕ್ಕೆ ಮೂರೋ ನಾಲ್ಕೋ ಪಾಠಗಳನ್ನು ಹೀಗೆ ಆಳವಾಗಿ ಕಲಿಸಿ, ಮಿಕ್ಕವನ್ನು ಕಥನರೂಪದಲ್ಲಿ ವೇಗವಾಗಿ ಮುಗಿಸಬಹುದು. ಕಥನವನ್ನು ನಾವು ತುಚ್ಛೀಕರಿಸುತ್ತಿಲ್ಲ. ಒಳ್ಳೆಯ ಕಥನವಿಲ್ಲದೆ ಕಾಲಾನುಕ್ರಮದ ಭಾವನೆ ಬೆಳೆಯಲಾರದು. ಪರೀಕ್ಷೆಯಲ್ಲಿ ಒಂದು ಪ್ರಶ್ನೆಯಾದರೂ ಕಾಣದ ಆಧಾರವೊಂದನ್ನು ಕೊಟ್ಟು, ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಕೇಳುವಂಥದಿದ್ದರೆ ಬೋಧನೆಯು ತಾನಾಗಿ ಆ ಕಡೆಗೆ ತಿರುಗುತ್ತದೆ.

ಮೂರನೆಯದು ಹೆಚ್ಚು ಸೂಕ್ಷ್ಮವಾದುದು. ಮಕ್ಕಳ ಮನೆಯ ನೋವುಗಳನ್ನು ತರಗತಿಯ ವಸ್ತುವಾಗಿಸುವುದು ಉಚಿತವೇ? ಮುಳುಗಡೆ, ಗುಳೆ, ಜಾತಿ, ಕೂಲಿ ಇವು ಕೆಲವರಿಗೆ ಚರ್ಚೆಯ ವಿಷಯ, ಕೆಲವರಿಗೆ ಲಜ್ಜೆಯ ವಿಷಯ. ಯಾವ ಮಗುವನ್ನೂ ಎದ್ದು ನಿಲ್ಲಿಸಿ ಅದರ ಮನೆಯ ಕಥೆಯನ್ನು ಹೇಳಿಸಬಾರದು. ಅದಕ್ಕಾಗಿಯೇ ಲಿಖಿತ ಆಧಾರಗಳು ಬೇಕು. ಅಪರಿಚಿತ ಕುಟುಂಬವೊಂದರ ವೃತ್ತಾಂತವನ್ನು ಓದುವಾಗ ತನ್ನದನ್ನು ಹೇಳುವುದೋ ಬಿಡುವುದೋ ಎಂಬ ಸ್ವಾತಂತ್ರ್ಯ ಮಗುವಿಗೆ ಉಳಿಯುತ್ತದೆ.

೮

ಕೊನೆಯದಾಗಿ, ಈ ಪತ್ರಿಕೆಯ ವಾಚಕರಾದ ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಮಾತು. ಮಾಧ್ಯಮಿಕ ಶಾಲೆಯ ಉಪಾಧ್ಯಾಯನು ಏಕಾಂಗಿಯಾಗಿ ಶಾಸನಗಳನ್ನು ಹುಡುಕಿ, ಓದಿ, ಸರಳಗೊಳಿಸಿ, ಅಚ್ಚುಹಾಕಿಸಿ ಹಂಚಲಾರನು. ಅವನ ಮೇಲೆ ದೋಷ ಹೊರಿಸುವುದು ಸುಲಭ. ಆದರೆ ಅವನ ಕೈಗೆ ಆಧಾರಗಳನ್ನು ಒದಗಿಸದ ನಾವು ಅದಕ್ಕೆ ಅಧಿಕಾರಿಗಳಲ್ಲ. ಚಾಲುಕ್ಯ ಶಾಸನಗಳ ಮೇಲೆ ನಮ್ಮ ವಿಭಾಗಗಳಲ್ಲಿ ಪ್ರಬಂಧಗಳು ಹುಟ್ಟುತ್ತವೆ. ಮುಳುಗಡೆಯ ಮೇಲೆ, ನೇಕಾರಿಕೆಯ ಮೇಲೆ, ಗುಳೆಯ ಮೇಲೆ ಸಮೀಕ್ಷೆಗಳು ನಡೆಯುತ್ತವೆ. ಅವು ಗ್ರಂಥಾಲಯದ ಕಪಾಟುಗಳನ್ನು ಸೇರುತ್ತವೆಯೇ ಹೊರತು, ಅಲ್ಲಿಂದ ಹತ್ತು ಹರದಾರಿ ದೂರದ ಏಳನೆಯ ತರಗತಿಯನ್ನು ಮುಟ್ಟುವುದಿಲ್ಲ.

ಬೇವೂರಿನಲ್ಲಿ ಪದವಿ ಕಾಲೇಜೂ ಇದೆ, ಮಕ್ಕಳ ಶಾಲೆಯೂ ಇದೆ. ಇಂಥ ಊರುಗಳಲ್ಲಿ ಇತಿಹಾಸ, ಅರ್ಥಶಾಸ್ತ್ರ, ಕನ್ನಡ ವಿಭಾಗಗಳು ಕೂಡಿ ವರ್ಷಕ್ಕೆ ನಾಲ್ಕು ಆಧಾರಪತ್ರಗಳನ್ನು ಸಿದ್ಧಪಡಿಸಬಹುದು. ಒಂದೊಂದು ಪತ್ರಕ್ಕೂ ಒಂದೇ ಹಾಳೆ ಸಾಕು: ಒಂದು ಬದಿಗೆ ಮೂಲ ಆಧಾರದ ಸರಳಾನುವಾದ ಅಥವಾ ನಕಾಶೆ, ಇನ್ನೊಂದು ಬದಿಗೆ ಇದನ್ನು ಯಾರು, ಯಾವಾಗ, ಯಾರಿಗಾಗಿ ಬರೆದರು ಎಂಬ ಟಿಪ್ಪಣಿಯೂ ಐದು ಪ್ರಶ್ನೆಗಳೂ. ಮೊದಲ ಹಾಳೆ ಐಹೊಳೆಯ ಶಾಸನಕ್ಕೆ, ಎರಡನೆಯದು ೧೯೫೬ರ ಮುಂಚಿನ ಮತ್ತು ತರುವಾಯದ ನಕಾಶೆಗಳಿಗೆ, ಮೂರನೆಯದು ಒಂದು ಇಳಕಲ್ ಸೀರೆಯ ಬೆಲೆಯ ವಿಭಜನೆಗೆ, ನಾಲ್ಕನೆಯದು ಹಿನ್ನೀರಿನ ಅಂಚಿನ ಒಂದು ಊರಿಗೆ. ಪದವಿಯ ವಿದ್ಯಾರ್ಥಿಗಳಿಗೆ ಇದು ತಮ್ಮ ಶಾಸ್ತ್ರದ ಉತ್ತಮ ಅಭ್ಯಾಸವೂ ಆಗುತ್ತದೆ. ಹನ್ನೆರಡು ವರ್ಷದ ಓದುಗನಿಗೆ ಅರ್ಥವಾಗುವಂತೆ ಒಂದು ಆಧಾರವನ್ನು ವಿವರಿಸಬೇಕಾದರೆ ತಾನು ಅದನ್ನು ಪೂರ್ತಿ ಅರ್ಥಮಾಡಿಕೊಂಡಿರಬೇಕು.

ಸಮಾಜ ಪಾಠದ ಪುಸ್ತಕಗಳು ಇನ್ನು ಮುಂದೆಯೂ ಬದಲಾಗುತ್ತಲೇ ಇರುತ್ತವೆ. ಅವುಗಳ ಬದಲಾವಣೆ ನಮ್ಮ ಕೈಯಲ್ಲಿಲ್ಲ. ಈ ನಾಲ್ಕು ಹಾಳೆಗಳು ನಮ್ಮ ಕೈಯಲ್ಲಿವೆ. ಬರುವ ವರ್ಷದ ಸಂಚಿಕೆಯೊಳಗಾಗಿ ಯಾವುದಾದರೊಂದು ಕಾಲೇಜಿನವರು ಮೊದಲ ಹಾಳೆಯನ್ನು ಸಿದ್ಧಪಡಿಸಿ, ಹತ್ತಿರದ ಶಾಲೆಯಲ್ಲಿ ಪ್ರಯೋಗಿಸಿ, ಅದರ ಸೋಲುಗೆಲವುಗಳನ್ನು ಬರೆದು ಕಳುಹಿಸಿದರೆ ಈ ಚರ್ಚೆಯನ್ನು ಹೆಚ್ಚು ದೃಢವಾದ ನೆಲದ ಮೇಲೆ ಮುಂದುವರಿಸಬಹುದೆಂದು ನಾವು ನಂಬುತ್ತೇವೆ.